ಎರಡನೇ ಬಯ್ಯರ್

'ಆಂಟಿಟ್ರಸ್ಟ್' ಅನ್ನೋ ಪದವನ್ನ ನಮ್ಮೂರ ಕಡೆ ಒಮ್ಮೆ ಹೇಳಿ ನೋಡಿ. ನಮಗೆ ಟ್ರಸ್ಟ್ ಅಂದ್ರೆ ಮಠದ್ದು, ಶಾಲೆದು, ಕಲ್ಯಾಣ ಮಂಟಪದ್ದು. ಅದಕ್ಕೆ ಆಂಟಿ ಅಂತ ಸೇರಿಸಿದರೆ ಯಾರೋ ಪುಣ್ಯಾತ್ಮ ದೇವಸ್ಥಾನದ ಹುಂಡಿ ಲೆಕ್ಕ ಕೇಳೋಕೆ ಹೊರಟಿದ್ದಾನೆ ಅಂದ್ಕೋತಾರೆ :-) ಅಸಲಿ ಕಥೆ ಬೇರೆ. ಅಮೆರಿಕದಲ್ಲಿ 1880ರ ದಶಕದಲ್ಲಿ ಎಣ್ಣೆ, ಸಕ್ಕರೆ ಇಂಥ ವ್ಯಾಪಾರದ ಕಂಪನಿಗಳು ತಮ್ಮ ಷೇರುಗಳನ್ನೆಲ್ಲ ಒಂದು ಟ್ರಸ್ಟಿನ ಕೈಗೆ ಕೊಟ್ಟು, ಹೊರಗಡೆ ಹತ್ತು ಬೋರ್ಡು, ಒಳಗಡೆ ಒಬ್ಬನೇ ಯಜಮಾನ ಅನ್ನೋ ಹಾಗೆ ನಡ್ಕೋತಾ ಇದ್ದವು. ಅದನ್ನು ಮುರಿಯೋಕೆ ಅಂತ 1890ರಲ್ಲಿ ಶೆರ್ಮನ್ ಕಾಯಿದೆ ಬಂತು. ಟ್ರಸ್ಟ್ ಹೋಯ್ತು, ಹೆಸರು ಮಾತ್ರ ಉಳ್ಕೊಂತು. ನಮ್ಮಲ್ಲಿ ಅದಕ್ಕೆ ಸ್ಪರ್ಧಾ ಕಾಯಿದೆ ಅಂತಾರೆ. ಈ ಹೆಸರೇ ವಾಸಿ.

ಪೇಪರಿನಲ್ಲಿ ಈ ಕಾಯಿದೆ ಸುದ್ದಿಯಾಗೋದು ಗೂಗಲ್‌ಗೆ ದಂಡ ಬಿದ್ದಾಗ. 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಷಯಕ್ಕೆ 1,337 ಕೋಟಿ ದಂಡ ಹಾಕಿದರಲ್ಲ, ಆಗ ನನ್ನ ಆಫೀಸಿನವರೆಲ್ಲ ಕಾನೂನು ಪಂಡಿತರಾಗಿಬಿಟ್ಟಿದ್ದರು. ನನಗೆ ಮಾತ್ರ ಈ ಕಾಯಿದೆ ಅಂದ ಕೂಡಲೇ ಮೂಗಿಗೆ ಹೊಗೆಸೊಪ್ಪಿನ ವಾಸನೆ ಬರುತ್ತೆ. ತಮಾಷೆಗೆ ಹೇಳ್ತಿಲ್ಲ. ಜಗತ್ತಿನಲ್ಲಿ ಈ ಕಾನೂನನ್ನು ತಿದ್ದಿ ತೀಡಿದ ದೊಡ್ಡ ಕೇಸುಗಳಲ್ಲಿ ಎರಡು ಮೂರು ಹೊಗೆಸೊಪ್ಪಿನವೇ. ಮತ್ತೆ ನಮ್ಮದು ಪಿರಿಯಾಪಟ್ಟಣ ತಾಲ್ಲೂಕು.

ಈ ಕಡೆಯವರಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಮತ್ತೆ ಕೆ.ಆರ್. ನಗರದ ನೀರಾವರಿ ಇಲ್ಲದ ಭಾಗ - ಇದು ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಪಕ್ಕದ ಹಾಸನ ಜಿಲ್ಲೆಯ ರಾಮನಾಥಪುರವನ್ನೂ ಸೇರಿಸ್ಕೊಳ್ಳಿ. ಕೆ.ಆರ್. ನಗರವನ್ನು ಭತ್ತದ ಕಣಜ ಅಂತ ಕರೀತಾರೆ, ಅದು ನಾಲೆ ನೀರು ಬರೋ ಕಡೆ. ನಾಲೆ ನೀರು ಹತ್ತದ ಕೆಂಪು ಮಣ್ಣಿನ ಹೊಲಗಳಲ್ಲಿ ಮುಂಗಾರು ಮಳೆ ನಂಬಿ ಬೆಳೆಯೋದು ಈ ಸೊಪ್ಪು. ಬೇಸಿಗೆಯಲ್ಲಿ ಸಸಿ ಮಡಿ, ಮೇ ತಿಂಗಳ ಮಳೆಗೆ ನಾಟಿ, ಆಷಾಢದ ಹೊತ್ತಿಗೆ ಬುಡದ ಎಲೆಯಿಂದ ಮುರಿಯೋಕೆ ಶುರು. ಒಂದು ಸಲಕ್ಕೆ ಗಿಡಕ್ಕೆ ಎರಡು ಮೂರು ಎಲೆ ಅಷ್ಟೆ. ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಕಟ್ಟಬೇಕು. ಆಮೇಲೆ ಬ್ಯಾರನ್‌ಗೆ ಏರಿಸಿ ಐದಾರು ದಿನ ಹಗಲು ರಾತ್ರಿ ಸೌದೆ ಉರಿಸಿ ಬೇಯಿಸಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದಕ್ಕೂ ಒಂದೊಂದು ಕಾವು. ರಾತ್ರಿ ಮೂರು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ ಸೌದೆ ಎಳೆಯೋದು, ಬಿಡೋದು... ಮಲಗಿಬಿಟ್ಟರೆ ಒಂದು ಬ್ಯಾರನ್ ಸೊಪ್ಪು ಕಪ್ಪಾಗಿ ಹೋಗುತ್ತೆ. ನಮ್ಮ ಕಡೆ ಮಕ್ಕಳು ಥರ್ಮಾಮೀಟರ್ ನೋಡೋದನ್ನ ಕಲಿಯೋದು ಶಾಲೆಯಲ್ಲಲ್ಲ.

ಇಷ್ಟೆಲ್ಲ ಆಗಿ, ವಿಂಗಡಿಸಿ, ಬೇಲ್ ಕಟ್ಟಿ ತಗೊಂಡು ಹೋಗೋದು ಹರಾಜು ಮಾರುಕಟ್ಟೆಗೆ. ಅಲ್ಲಿಗಲ್ಲದೆ ಬೇರೆಲ್ಲಿಗೂ ತಗೊಂಡು ಹೋಗೋ ಹಾಗಿಲ್ಲ. ಇದು 1975ರ ತಂಬಾಕು ಮಂಡಳಿ ಕಾಯಿದೆ. ಮಂಡಳಿ ಶುರುವಾಗಿದ್ದು 1976ರಲ್ಲಿ, ಕೇಂದ್ರ ಕಚೇರಿ ಗುಂಟೂರಿನಲ್ಲಿ. ಬೆಳೆಯೋಕೆ ಅದರ ಲೈಸೆನ್ಸ್ ಬೇಕು, ಎಷ್ಟು ಕೆಜಿ ಬೆಳೆಯಬೇಕು ಅಂತ ಅದು ಹೇಳುತ್ತೆ, ಮಾರೋದು ಅದು ಕಟ್ಟಿಸಿದ ಕಟ್ಟೆಯಲ್ಲಿ. ಕರ್ನಾಟಕದಲ್ಲಿ 1984ರಲ್ಲಿ ಹರಾಜು ಶುರುವಾಯ್ತು, ಮರುವರ್ಷ ಆಂಧ್ರದಲ್ಲಿ. ಅದಕ್ಕೂ ಮುಂಚೆ ಕಂಪನಿಯವರ, ವ್ಯಾಪಾರಿಗಳ ಡಿಪೋ ಮುಂದೆ ಗಾಡಿ ನಿಲ್ಲಿಸ್ಕೊಂಡು ಕಾಯಬೇಕಿತ್ತು. ಗ್ರೇಡು ಅವರದೇ, ತಕ್ಕಡಿ ಅವರದೇ, ದುಡ್ಡು ಕೊಡೋ ದಿನವೂ ಅವರದೇ. ಹರಾಜು ಬಂದ ಮೇಲೆ ತೂಕಕ್ಕೊಂದು ಲೆಕ್ಕ ಬಂತು, ದುಡ್ಡು ಬ್ಯಾಂಕಿಗೆ ಬರೋ ಹಾಗಾಯ್ತು. ಇದು ಸಣ್ಣ ವಿಷಯ ಅಲ್ಲ. ಹಳೇ ಕಾಲ ನೋಡಿದವರು ಇವತ್ತಿಗೂ ಮಂಡಳಿಯನ್ನು ಬೈಯೋ ಮುಂಚೆ ಒಂದು ಕ್ಷಣ ಯೋಚನೆ ಮಾಡ್ತಾರೆ.

ಆದರೆ ನನ್ನ ಪ್ರಶ್ನೆ ಇರೋದು ಇಲ್ಲೇ. ಕಾನೂನು ಎಲ್ಲ ಬಯ್ಯರ್‌ಗಳನ್ನೂ ಒಂದೇ ಸೂರಿನಡಿ ತಂದು ನಿಲ್ಲಿಸಬಹುದು. ಅವರು ಒಬ್ಬರ ಮೇಲೊಬ್ಬರು ಕೂಗಬೇಕು ಅಂತ ಮಾಡೋಕೆ ಆಗುತ್ತಾ?

ಕೆಲವು ವರ್ಷದ ಹಿಂದೆ ಚಿಕ್ಕಪ್ಪನ ಜೊತೆ ಹರಾಜಿಗೆ ಹೋಗಿದ್ದೆ. ಯಾವ ಮಾರುಕಟ್ಟೆ, ಯಾವ ವರ್ಷ ಅಂತ ಬೇಡ ಬಿಡಿ. ಹನ್ನೊಂದು ಬೇಲ್ ಇತ್ತು. ಟ್ರ್ಯಾಕ್ಟರ್ ಇಳಿದ ಕೂಡಲೇ ಚಿಕ್ಕಪ್ಪ ಪರಿಚಯದವರನ್ನು ಕೇಳಿದ್ದು "ರೇಟ್ ಎಷ್ಟು ನಡೀತಾ ಅದೆ" ಅಂತ ಅಲ್ಲ. "ಇವತ್ತು ಯಾರ್ಯಾರು ಬಂದವ್ರೆ?" ಅಂತ. ಉತ್ತರ ಕೇಳಿ ಮುಖ ಸಣ್ಣದಾಯ್ತು. ಹಿಂದಿನ ವಾರ ಇದೇ ಬ್ಯಾರನ್ನಿನ ಇದೇ ಕೊಯ್ಲಿನ ಸೊಪ್ಪು ಮಾರಿದ್ದರು. ಅವತ್ತಿಗಿಂತ ಕೆಜಿಗೆ ಹದಿನೆಂಟು ರೂಪಾಯಿ ಕಡಿಮೆಗೆ ನಿಂತಿತು. ಎರಡು ಬೇಲಿಗೆ ಯಾರೂ ಬಾಯೇ ಬಿಡಲಿಲ್ಲ. ಅದಕ್ಕೆ 'ನೋ ಬಿಡ್' ಅಂತಾರೆ. ವಾಪಸ್ ತಂದ ಸೊಪ್ಪನ್ನ ಮತ್ತೆ ಬಿಚ್ಚಿ, ಮತ್ತೆ ವಿಂಗಡಿಸಿ, ಮತ್ತೆ ಕಟ್ಟಿ, ಮತ್ತೆ ಬಾಡಿಗೆ ಕೊಟ್ಟು ತರಬೇಕು. ಉಳಿದ ಒಂಬತ್ತು ಬೇಲಿನದ್ದು, ಬೇಲಿಗೆ ಸುಮಾರು ನೂರಹತ್ತು ಕೆಜಿ ಅಂತ ಇಟ್ಕೊಂಡ್ರೆ ಹದಿನೇಳು ಹದಿನೆಂಟು ಸಾವಿರ ರೂಪಾಯಿ ವ್ಯತ್ಯಾಸ. ಸೊಪ್ಪು ಕಟ್ಟೋ ಹೆಂಗಸರಿಗೆ ಆ ತಿಂಗಳು ಕೊಡಬೇಕಿದ್ದ ಕೂಲಿ ಅಷ್ಟು.

ಬೆಲೆ ಇಷ್ಟವಿಲ್ಲದಿದ್ದರೆ ರೈತ ಒಪ್ಪದೇ ಇರಬಹುದು. ಕಾಗದದ ಮೇಲೆ ಆ ಹಕ್ಕಿದೆ. "ವಾಪಸ್ ತಗೊಂಡು ಹೋಗೋಣ ಚಿಕ್ಕಪ್ಪ" ಅಂದೆ.

"ತಗಂಡೋಗಿ ಎಲ್ಲಿ ಮಡಗದು ಮಗಾ? ತ್ಯಾವ ಕುಡುದ್ರೆ ಬಣ್ಣ ಹೊಂಟೋಯ್ತದೆ. ಬ್ಯಾಂಕ್ನೋರು ಬಣ್ಣ ನೋಡಲ್ಲ, ತಾರೀಕು ನೋಡ್ತರೆ."

ಬಸ್ಸಿನಲ್ಲಿ ಬರೋವಾಗ ನಾನು ಸಿಟಿಯವನ ಥರ "ಅವರೆಲ್ಲ ಒಳಗೊಳಗೇ ಮಾತಾಡ್ಕೊಂಡಿದ್ದಾರೆ ಅನ್ಸುತ್ತೆ" ಅಂದೆ. ಚಿಕ್ಕಪ್ಪ ನಕ್ಕರು. "ಯಾರೂ ಏನೂ ಮಾತಾಡ್ಕಂಡಿಲ್ಲ ಅಂತ್ಲೇ ಇಟ್ಕೊ. ಇಷ್ಟ್ ವರ್ಸದಿಂದ ಒಂದೇ ಕಟ್ಟೇಲಿ ನಡೀತವ್ರೆ. ಒಬ್ರ ಕಣ್ಣು ಒಬ್ರಿಗೆ ಗೊತ್ತು."

ಈ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಆಮೇಲೆ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಓದುವಾಗ. ಅದಕ್ಕೆ ಬರ್ತೀನಿ.

ಮೊದಲು "ಯಾರ್ಯಾರು ಬಂದವ್ರೆ" ಅನ್ನೋ ಪ್ರಶ್ನೆಯ ಲೆಕ್ಕ ನೋಡಿ. ಒಂದು ಬೇಲ್ ಇದೆ. ಒಬ್ಬ ಬಯ್ಯರ್‌ಗೆ ಅದು ಎಷ್ಟು ಬೇಕಾಗಿದೆ ಅಂದ್ರೆ 210 ರೂಪಾಯಿವರೆಗೂ ಕೊಡೋಕೆ ತಯಾರು. ಎರಡನೆಯವನು 190ರವರೆಗೆ ಬರ್ತಾನೆ. ಮೂರನೆಯವನು 165. ಹರಾಜು ಎಲ್ಲಿ ನಿಲ್ಲುತ್ತೆ? 210ಕ್ಕೆ ಅಲ್ಲ. ಎರಡನೆಯವನು 190ಕ್ಕೆ ಕೈ ಬಿಟ್ಟ ಕೂಡಲೇ ಮೊದಲನೆಯವನು 191ಕ್ಕೆ ತಗೊಂಡು ಹೋಗ್ತಾನೆ. ಈಗ ಆ ಎರಡನೆಯವನು ಅವತ್ತು ಬರಲಿಲ್ಲ ಅಂತ ಇಟ್ಕೊಳ್ಳಿ. ಅಥವಾ ಬಂದ, ಆದರೆ ಸುಮ್ಮನೆ ನಿಂತ. ಅದೇ ಬೇಲ್ 166ಕ್ಕೆ ಹೋಗುತ್ತೆ. ಕೊಂಡವನು ಅವನೇ, ಸೊಪ್ಪು ಅದೇ, ಅವನಿಗೆ ಅದರಿಂದ ಬರೋ ಲಾಭ ಮಾತ್ರ ಹೆಚ್ಚಾಯ್ತು. ಅಂದ್ರೆ ರೈತನಿಗೆ ಬೆಲೆ ಕಟ್ಟೋದು ಕೊಳ್ಳೋನಲ್ಲ, ಕೊಳ್ಳದೆ ಸೋತವನು! ಸ್ಪರ್ಧಾ ಕಾಯಿದೆ ಅಂತ ನೂರಾರು ಪುಟ ಬರೆದಿದ್ದಾರಲ್ಲ, ನನ್ನ ಮಟ್ಟಿಗೆ ಅದು ಈ ಎರಡನೇ ಬಯ್ಯರ್‌ನ ಬಾಯಿ ಕಟ್ಟಿಹೋಗದ ಹಾಗೆ ನೋಡ್ಕೊಳ್ಳೋ ಕೆಲಸ.

ಇದನ್ನ ಇನ್ನೊಂದು ಕಡೆ ಇಟ್ಟು ನೋಡೋಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲೂ ಕಾನೂನು ಹೆಚ್ಚು ಕಡಿಮೆ ಹೀಗೇ, ಗೂಡನ್ನು ಸರ್ಕಾರಿ ಮಾರುಕಟ್ಟೆಗೇ ತರಬೇಕು ಅನ್ನೋದು 1959ರ ಕಾಯಿದೆಯಿಂದ ಬಂದಿದ್ದು. ಆದರೆ ಅಲ್ಲಿ ಕೊಳ್ಳೋರು ನೂರಾರು ಜನ ರೀಲರ್‌ಗಳು, ಹೆಚ್ಚಿನವರು ಸಣ್ಣವರು. ಎರಡನೆಯವನು ಇವತ್ತು ಬರಲಿಲ್ಲ ಅಂದ್ರೆ ಮೂರನೆಯವನು ಎರಡನೆಯವನಾಗ್ತಾನೆ, ಬೆಲೆ ಒಂದೆರಡು ರೂಪಾಯಿ ಆ ಕಡೆ ಈ ಕಡೆ. ಹೊಗೆಸೊಪ್ಪಿನಲ್ಲಿ ಹಾಗಲ್ಲ. ಸಿಗರೇಟು ಮಾಡೋ ದೊಡ್ಡ ಕಂಪನಿಗಳು ಕೈಬೆರಳಲ್ಲಿ ಎಣಿಸೋಷ್ಟು, ಅವರ ಜೊತೆ ರಫ್ತು ವ್ಯಾಪಾರಿಗಳು ಒಂದಿಷ್ಟು. ಇಬ್ಬರು ಸುಮ್ಮನಾದರೆ ಕಟ್ಟೆಯೇ ಸುಮ್ಮನಾಗುತ್ತೆ.

ಈಗ ಕೆಂಟಕಿಗೆ ಹೋಗೋಣ. ಅಮೆರಿಕದ ಕೆಂಟಕಿ ಅಂದ್ರೆ ಅಲ್ಲಿನ ಹುಣಸೂರು ಅಂದ್ಕೊಳ್ಳಿ. ಅಲ್ಲೂ ಬೇಲ್, ಅಲ್ಲೂ ಹರಾಜು, ಅಲ್ಲೂ ಸಾಲು ಹಿಡಿದು ನಡೆಯೋ ಬಯ್ಯರ್‌ಗಳು. ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತೆ. ಜೇಮ್ಸ್ ಡ್ಯೂಕ್ ಅಂತೊಬ್ಬ 1890ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿ, ಎದುರಾಳಿಗಳನ್ನೆಲ್ಲ ಒಬ್ಬೊಬ್ಬರನ್ನೇ ಕೊಂಡು ಹಾಕಿದ. ಕೊಳ್ಳೋನು ಒಬ್ಬನೇ ಆಗಿಬಿಟ್ಟಾಗ ಸೊಪ್ಪಿನ ಬೆಲೆ ಏನಾಗುತ್ತೆ ಹೇಳಬೇಕಾ? ಕೆಂಟಕಿಯ ರೈತರು ಸೊಪ್ಪು ಮಾರಲ್ಲ ಅಂತ ಸಂಘ ಕಟ್ಟಿದರು. ಸಂಘಕ್ಕೆ ಸೇರದವರ ಸಸಿ ಮಡಿ ಹಾಳು ಮಾಡಿ, ಕಂಪನಿಯ ಗೋದಾಮಿಗೆ ರಾತ್ರಿ ಬೆಂಕಿ ಹಚ್ಚೋವರೆಗೂ ಹೋಯ್ತು. 1904ರಿಂದ ನಾಲ್ಕೈದು ವರ್ಷ ನಡೆದ ಆ ಗಲಾಟೆಗೆ 'ಬ್ಲ್ಯಾಕ್ ಪ್ಯಾಚ್ ಯುದ್ಧ' ಅಂತಲೇ ಹೆಸರು. ಕೊನೆಗೆ 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶೆರ್ಮನ್ ಕಾಯಿದೆಯ ಕೆಳಗೆ ಡ್ಯೂಕನ ಕಂಪನಿಯನ್ನ ಒಡೆದು ಹಾಕಿತು. ಅದೇ ತಿಂಗಳು ರಾಕ್‌ಫೆಲ್ಲರನ ಎಣ್ಣೆ ಕಂಪನಿಯೂ ಒಡೆಯಿತು.

ಒಂದು ಹೋಗಿ ನಾಲ್ಕಾಯಿತಲ್ಲ, ಇನ್ನೇನು ರೈತ ಬಚಾವ್ ಅಂದ್ಕೊಂಡ್ರಾ? ಮೂವತ್ತು ವರ್ಷದಲ್ಲಿ ಆ ಚೂರುಗಳೇ ಮತ್ತೆ ಕಟಕಟೆಯಲ್ಲಿ ನಿಂತಿದ್ದವು. ಅಮೆರಿಕನ್, ಲಿಗೆಟ್ ಅಂಡ್ ಮೈಯರ್ಸ್, ರೆನಾಲ್ಡ್ಸ್. 1941ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನ ಜ್ಯೂರಿ ತಪ್ಪಿತಸ್ಥರು ಅಂತು, 1946ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡೀತು. ಆ ತೀರ್ಪಿನಲ್ಲಿ ಬರೋ ವಿವರಗಳನ್ನ ಓದ್ತಾ ನನಗೆ ಚಿಕ್ಕಪ್ಪನ ಜೊತೆ ಕಟ್ಟೆಯಲ್ಲೇ ನಿಂತಿದ್ದೀನಿ ಅನ್ನಿಸ್ತು. ಹೊಸ ಊರಲ್ಲಿ ಹರಾಜು ಶುರುವಾದರೆ ಮೂವರೂ ಬರದ ಹೊರತು ಒಬ್ಬನೂ ಬರ್ತಿರಲಿಲ್ಲ. ಮೂವರೂ ಬರಲಿಲ್ಲ ಅಂದ್ರೆ ಆ ಮಾರುಕಟ್ಟೆ ಮುಚ್ಚಿದಂತೆಯೇ. ಬಯ್ಯರ್‌ಗಳಿಗೆ ಇದಕ್ಕಿಂತ ಮೇಲೆ ಹೋಗಬೇಡಿ ಅಂತ ಕಂಪನಿ ಕೊಡ್ತಿದ್ದ ಗರಿಷ್ಠ ಬೆಲೆ ಮೂವರದ್ದೂ ಒಂದೇ. ಇನ್ನೊಂದು ಜಾಣತನ ಗ್ರೇಡಿನದ್ದು. ಒಬ್ಬೊಬ್ಬರೂ ತಮ್ಮದೇ ಗ್ರೇಡು ಮಾಡ್ಕೊಂಡಿದ್ದರು, ಒಬ್ಬನ ಗ್ರೇಡಿಗೆ ಇನ್ನೊಬ್ಬ ಕೈ ಹಾಕೋ ಪ್ರಸಂಗವೇ ಬಾರದ ಹಾಗೆ. ನೋಡೋರಿಗೆ ಮೂವರು ಬಯ್ಯರ್ ನಿಂತಿದ್ದಾರೆ, ಬೇಲಿಗೆ ಮಾತ್ರ ಒಬ್ಬನೇ! ಇಷ್ಟು ಸಾಲದು ಅಂತ, ತಮ್ಮ ಸಿಗರೇಟಿಗೆ ಬೇಡದ ಅಗ್ಗದ ಸೊಪ್ಪನ್ನೂ ಕೊಳ್ತಿದ್ದರು. ಯಾಕೆ ಅಂದ್ರೆ ಹತ್ತು ಸೆಂಟಿನ ಸಿಗರೇಟು ಮಾಡೋ ಸಣ್ಣ ಕಂಪನಿಗಳಿಗೆ ಅದು ಅಗ್ಗಕ್ಕೆ ಸಿಗಬಾರದು ಅಂತ.

1931ರ ಜೂನ್ ತಿಂಗಳ ಒಂದು ಸಂಗತಿ ನನಗೆ ಮರೆಯೋಕೇ ಆಗಲ್ಲ. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗಿದೆ. ಸೊಪ್ಪಿನ ಬೆಲೆ ನೆಲ ಕಚ್ಚಿದೆ. ಅಂಥ ಹೊತ್ತಲ್ಲಿ ಮೂರೂ ಕಂಪನಿಗಳು ಒಂದೇ ದಿನ, ಒಂದೇ ಮಟ್ಟಕ್ಕೆ ಸಿಗರೇಟಿನ ಬೆಲೆ ಏರಿಸಿದವು. "ಸೊಪ್ಪಿಗೆ ಬೆಲೆ ಕಮ್ಮಿಯಾದರೆ ಒಳ್ಳೇದೇ ಅಲ್ವಾ, ಸಿಗರೇಟು ಕೆಟ್ಟದ್ದು ತಾನೇ" ಅಂತ ನನ್ನ ಬೆಂಗಳೂರು ಗೆಳೆಯರು ಆಗಾಗ ಹೇಳ್ತಾರೆ. ಸಿಗರೇಟು ಕೆಟ್ಟದ್ದೇ. ಈ ಬೆಳೆ ಒಂದಲ್ಲ ಒಂದು ದಿನ ಹೋಗಬೇಕು ಅಂತ ನನಗೂ ಅನ್ನಿಸುತ್ತೆ. ಆದರೆ ಬೆಳೆದವನಿಗೆ ಹದಿನೆಂಟು ರೂಪಾಯಿ ಕಮ್ಮಿ ಬಂದ ವಾರ ನಮ್ಮೂರ ಪೆಟ್ಟಿಗೆ ಅಂಗಡೀಲಿ ಒಂದು ಸಿಗರೇಟೂ ಕಮ್ಮಿ ಸುಡಲಿಲ್ಲ ಸ್ವಾಮಿ.

ಕೆಂಟಕಿ ಕೇಸಿನಲ್ಲಿ ಮೂವರೂ ಕೂತು ಸಹಿ ಹಾಕಿದ ಒಂದು ಚೀಟಿಯೂ ಸಿಗಲಿಲ್ಲ. ಚೀಟಿ ಬೇಕಿಲ್ಲ, ನಡವಳಿಕೆಯಿಂದಲೇ ಒಪ್ಪಂದ ಇತ್ತು ಅಂತ ತೀರ್ಮಾನಿಸಬಹುದು ಅಂತ ಕೋರ್ಟು ಹೇಳ್ತು. ಇದು ಆ ತೀರ್ಪಿನ ಜೀವ.

ಇದಕ್ಕೂ ನಮಗೂ ರಕ್ತ ಸಂಬಂಧವೇ ಇದೆ. ಡ್ಯೂಕ್ ಅಮೆರಿಕ ಸಾಲದು ಅಂತ 1901ರಲ್ಲಿ ಇಂಗ್ಲೆಂಡಿಗೆ ನುಗ್ಗಿದ. ಅಲ್ಲಿನ ಕಂಪನಿಗಳೆಲ್ಲ ಸೇರಿ ಇಂಪೀರಿಯಲ್ ಟೊಬ್ಯಾಕೊ ಅಂತ ಕಟ್ಕೊಂಡು ಎದುರು ನಿಂತವು. ಮರುವರ್ಷ ರಾಜಿ. ಅಮೆರಿಕ ನಿನಗೆ, ಬ್ರಿಟನ್ ನಮಗೆ, ಉಳಿದ ಪ್ರಪಂಚಕ್ಕೆ ಇಬ್ಬರೂ ಸೇರಿ ಒಂದು ಕಂಪನಿ. ಆ ಕಂಪನಿಯೇ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಆ ಬಳಗದಿಂದಲೇ 1910ರಲ್ಲಿ ಕಲ್ಕತ್ತಾದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಹುಟ್ಟಿದ್ದು, ಅದೇ ಇವತ್ತಿನ ಐಟಿಸಿ. ಭೂಮಂಡಲವನ್ನ ಹೋಳಿಗೆ ಹರಿದ ಹಾಗೆ ಹರಿದು ಹಂಚ್ಕೊಂಡಾಗ ಹುಣಸೂರಿನ ಕೆಂಪು ಮಣ್ಣು ಯಾರ ತಟ್ಟೆಗೆ ಬೀಳುತ್ತೆ ಅನ್ನೋದು ಹಾಗೆ ಲಂಡನ್ನಿನಲ್ಲಿ ತೀರ್ಮಾನ ಆಗಿತ್ತು. ಈ ಹಳೇ ಚರಿತ್ರೆ ಹೇಳಿದ್ದಕ್ಕೆ ಇವತ್ತಿನ ಯಾವ ಕಂಪನಿಯ ಮೇಲೂ ನಾನು ಆರೋಪ ಹೊರಿಸ್ತಿದ್ದೀನಿ ಅಂದ್ಕೋಬೇಡಿ. ಆರೋಪ ಹೊರಿಸೋಕೆ ಪುರಾವೆ ಬೇಕು. ಪುರಾವೆ ಅನ್ನೋದೇ ಇಲ್ಲಿ ದೊಡ್ಡ ಗಂಟು.

ನಮ್ಮ ಕಾಯಿದೆಗೆ ಬರೋಣ. ಮುಂಚೆ 1969ರ ಎಂಆರ್‌ಟಿಪಿ ಕಾಯಿದೆ ಇತ್ತು, ಅದರ ಜಾಗಕ್ಕೆ 2002ರ ಸ್ಪರ್ಧಾ ಕಾಯಿದೆ ಬಂತು. ಒಳ ಒಪ್ಪಂದಗಳ ವಿರುದ್ಧದ ಭಾಗ ನಿಜವಾಗಿ ಜಾರಿಯಾಗಿದ್ದು 2009ರ ಮೇ 20ಕ್ಕೆ. ಮೂರನೇ ಸೆಕ್ಷನ್ ಓದಿ. ಮಾರೋ ಬೆಲೆಯನ್ನ ಮಾತ್ರ ಅಲ್ಲ, ಕೊಳ್ಳೋ ಬೆಲೆಯನ್ನೂ ಎದುರಾಳಿಗಳು ಸೇರಿ ನಿಗದಿ ಮಾಡೋ ಹಾಗಿಲ್ಲ ಅಂತ ಬಿಡಿಸಿ ಹೇಳಿದೆ. ಬಿಡ್ಡಿನಲ್ಲಿ ಹೊಂದಾಣಿಕೆ ಅನ್ನೋದನ್ನೂ ಹೆಸರಿಟ್ಟು ಹೇಳಿದೆ. ಗಿರಾಕಿಯನ್ನು ಕಾಪಾಡೋ ಕಾನೂನು ಅಂತ ಎಲ್ಲರೂ ಅಂದ್ಕೊಂಡಿರೋದರಲ್ಲಿ ಮಾರೋ ರೈತನಿಗೂ ಜಾಗ ಇದೆ ಅನ್ನೋದು ನಮ್ಮ ಕಡೆ ಹೆಚ್ಚು ಜನಕ್ಕೆ ತಲುಪಿಲ್ಲ. ದೂರು ಕೊಡೋಕೆ ನೀವೇ ನಷ್ಟ ಅನುಭವಿಸಿರಬೇಕು ಅಂತಲೂ ಇಲ್ಲ, ಯಾರು ಬೇಕಾದರೂ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಕೊಡಬಹುದು ಅಂತ 2020ರಲ್ಲಿ ಓಲಾ ಉಬರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಕೊಟ್ಟ ಮೇಲೆ? ಎರಡು ಕೇಸು ಪಕ್ಕ ಪಕ್ಕ ಇಟ್ಟು ನೋಡಿ.

ಒಂದು, ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಬೀಳದ ಹಾಗೆ ಇಡೋ ಮಾತ್ರೆಯದ್ದು. ಭಾರತ ಆಹಾರ ನಿಗಮದ 2009ರ ಟೆಂಡರಿಗೆ ಮೂರು ಕಂಪನಿಗಳು ಹಾಕಿದ ಬೆಲೆ ಕೆಜಿಗೆ 388 ರೂಪಾಯಿ, ಮೂವರದ್ದೂ 388! ಹಿಂದಿನ ವರ್ಷಗಳಲ್ಲೂ ಇದೇ ಥರ ಒಂದೇ ಬೆಲೆ ಬಂದಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಇದು ಕಾಕತಾಳೀಯ ಅಲ್ಲ ಅಂತು. ದಂಡ ಕಡಿಮೆಯಾಯ್ತು, ತಪ್ಪು ತಪ್ಪೇ ಅಂತ ಉಳೀತು.

ಇನ್ನೊಂದು ಅಡುಗೆ ಗ್ಯಾಸ್ ಸಿಲಿಂಡರಿನದ್ದು. ಇಂಡಿಯನ್ ಆಯಿಲ್‌ನ 2010-11ರ ಟೆಂಡರಿನಲ್ಲಿ ನಲವತ್ತಕ್ಕೂ ಹೆಚ್ಚು ಕಂಪನಿಗಳ ಬೆಲೆ ಒಂದೇ ಅಥವಾ ಹೆಚ್ಚು ಕಡಿಮೆ ಒಂದೇ. ಟೆಂಡರಿಗೆ ಮುಂಚೆ ಮುಂಬೈನ ಹೋಟೆಲಿನಲ್ಲಿ ಸಭೆ ಬೇರೆ ಸೇರಿದ್ದರು. ಆಯೋಗ ದಂಡ ಹಾಕಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತು. ಯಾಕೆ? ಈ ಸಿಲಿಂಡರ್ ಕೊಳ್ಳೋರು ದೇಶದಲ್ಲಿ ಮೂರೇ ಜನ, ಮೂರೂ ಸರ್ಕಾರಿ ಎಣ್ಣೆ ಕಂಪನಿಗಳು. ಹಳೇ ಬೆಲೆ ಏನು, ಈ ಸಲ ಏನು ಬರಬಹುದು ಅಂತ ಎಲ್ಲರಿಗೂ ಗೊತ್ತು. ಇಂಥ ಮಾರುಕಟ್ಟೆಯಲ್ಲಿ ಒಪ್ಪಂದ ಇಲ್ಲದೆಯೂ ಎಲ್ಲರೂ ಒಂದೇ ಬೆಲೆಗೆ ಬಂದು ನಿಲ್ಲಬಹುದು. ಒಂದೇ ಬೆಲೆ ಅನ್ನೋದಷ್ಟೇ ಪುರಾವೆ ಆಗಲ್ಲ.

ಒಬ್ರ ಕಣ್ಣು ಒಬ್ರಿಗೆ ಗೊತ್ತು! ಚಿಕ್ಕಪ್ಪ ಒಂದು ಸಾಲಿನಲ್ಲಿ ಹೇಳಿದ್ದನ್ನೇ ಕೋರ್ಟು ಪುಟಗಟ್ಟಲೆ ಹೇಳಿತ್ತು. ಮಾತಾಡ್ಕೊಂಡು ಸುಮ್ಮನಾದರೆ ಅಪರಾಧ, ಮಾತಾಡದೆ ಸುಮ್ಮನಾದರೆ ಅಪರಾಧ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ ಇರಬೇಕು, ಪಕ್ಕದವನನ್ನು ನೋಡಿ ಸುಮ್ಮನಾದವನನ್ನ ಜೈಲಿಗೆ ಕಳಿಸೋಕೆ ಆಗುತ್ತಾ? ಆದರೆ ಬೇಲ್ ಪಕ್ಕ ನಿಂತವನಿಗೆ ಎರಡೂ 166 ರೂಪಾಯಿಯೇ.

ಹಾಗಾದರೆ ಮಾತಾಡಿದ್ದು ಹೊರಗೆ ಬರೋದು ಹೇಗೆ? ಹೆಚ್ಚಾಗಿ ಒಳಗಿನವರಿಂದಲೇ. ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್, ಜೊತೆಗೆ ಕಾರ್ಲ್ಸ್‌ಬರ್ಗ್ - ಬಿಯರ್ ಬೆಲೆ ವಿಷಯಕ್ಕೆ 2021ರ ಸೆಪ್ಟೆಂಬರಿನಲ್ಲಿ ಆಯೋಗ ಒಟ್ಟು 873 ಕೋಟಿ ದಂಡ ಹಾಕಿತಲ್ಲ, ಅಲ್ಲಿ ಮೊದಲು ಬಂದು ಎಲ್ಲ ಹೇಳಿದ್ದು ಮೂರನೇ ಪಾಲುದಾರ, ಎಬಿ ಇನ್‌ಬೆವ್. ಮೊದಲು ಬಂದು ಹೇಳಿದವನಿಗೆ ದಂಡ ಪೂರ್ತಿ ಮಾಫಿಯಾಗೋಕೂ ನಿಯಮದಲ್ಲಿ ಅವಕಾಶ ಇದೆ. ಇಮೇಲು, ಮೆಸೇಜು ಎಲ್ಲ ಸಿಕ್ಕಿದವು. ಕಳ್ಳರ ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವನಿಗೆ ಬಹುಮಾನ ಅನ್ನೋ ಉಪಾಯ ನೋಡೋಕೆ ಸಣ್ಣತನ ಅನ್ನಿಸಿದರೂ ಕೆಲಸ ಮಾಡುತ್ತೆ.

ರೈತರ ಪರವಾಗಿ ಅಂಥದ್ದು ಎಲ್ಲಾದರೂ ಗೆದ್ದಿದೆಯಾ ಅಂದ್ರೆ, ಮತ್ತೆ ಅಮೆರಿಕಕ್ಕೇ ಹೋಗಬೇಕು. 2000ದಲ್ಲಿ ಅಲ್ಲಿನ ಹೊಗೆಸೊಪ್ಪು ಬೆಳೆಗಾರರು ಒಟ್ಟಾಗಿ ಸಿಗರೇಟು ಕಂಪನಿಗಳ ಮೇಲೆ, ಸೊಪ್ಪಿನ ವ್ಯಾಪಾರಿಗಳ ಮೇಲೆ ಹರಾಜಿನಲ್ಲಿ ಒಳಗೊಳಗೇ ಹೊಂದಾಣಿಕೆ ಮಾಡ್ಕೊಂಡಿದ್ದಾರೆ ಅಂತ ಕೇಸು ಹಾಕಿದರು. 2003ರಲ್ಲಿ ಫಿಲಿಪ್ ಮಾರಿಸ್ ಮತ್ತಿತರರು ತಪ್ಪು ಒಪ್ಪಿಕೊಳ್ಳದೆ ಸುಮಾರು 20 ಕೋಟಿ ಡಾಲರ್ ಕೊಟ್ಟು, ಇಷ್ಟು ಸೊಪ್ಪು ಕೊಂಡೇ ಕೊಳ್ತೀವಿ ಅಂತ ಮಾತು ಕೊಟ್ಟು ರಾಜಿಯಾದರು. ಆದರೆ ಅಷ್ಟರಲ್ಲಿ ಕಂಪನಿಗಳು ಹರಾಜಿಗೆ ಬರೋದನ್ನೇ ಬಿಟ್ಟು ರೈತರ ಜೊತೆ ನೇರ ಕರಾರಿಗೆ ಇಳಿದಿದ್ದವು. ಕೆಲವೇ ವರ್ಷದಲ್ಲಿ ಆ ಹರಾಜು ಗೋದಾಮುಗಳು ಖಾಲಿ ಖಾಲಿ. ಕೇಸು ಗೆದ್ದ ಹಾಗೂ ಆಯ್ತು, ಕಟ್ಟೆ ಕಳ್ಕೊಂಡ ಹಾಗೂ ಆಯ್ತು. ಜಿಂಬಾಬ್ವೆಯಲ್ಲೂ ಈಗ ಹೆಚ್ಚಿನ ಸೊಪ್ಪು ಕರಾರಿನ ಮೇಲೇ ಹೋಗೋದು. ಅದಕ್ಕೇ ನಮ್ಮ ಕಡೆ ಯಾರಾದರೂ "ಈ ಹರಾಜೇ ಬೇಡ, ತೆಗೆದು ಹಾಕಿ" ಅಂದಾಗ ನನಗೆ ಹೊಟ್ಟೆ ಚುಳ್ ಅನ್ನುತ್ತೆ. ಡಿಪೋ ಮುಂದೆ ಗಾಡಿ ನಿಲ್ಲಿಸ್ಕೊಂಡು ಕಾದ ಕಾಲ ಅಷ್ಟು ಹಳೇದೇನಲ್ಲ.

"ಕಟ್ಟುಪಾಡೇ ಇಲ್ಲದ ಬೆಳೆ ಬೆಳೀಲಿ" ಅನ್ನೋರಿಗೆ ಶುಂಠಿ ತೋರಿಸಬೇಕು. ಹುಣಸೂರು, ಎಚ್.ಡಿ. ಕೋಟೆ ಕಡೆ ಶುಂಠಿಗೆ ಲೈಸೆನ್ಸಿಲ್ಲ, ಮಂಡಳಿಯಿಲ್ಲ, ಕಟ್ಟೆಯಿಲ್ಲ. ಹೊಲಕ್ಕೇ ಬಂದು ಮೂಟೆ ಲೆಕ್ಕದಲ್ಲಿ ತಗೊಂಡು ಹೋಗ್ತಾರೆ. ಒಂದು ವರ್ಷ ಕಾರು, ಮರುವರ್ಷ ಅದೇ ಕಾರು ಮಾರಾಟಕ್ಕೆ. ಅಲ್ಲೂ ನಿಮ್ಮ ಹೊಲದ ಬದುವಿನ ಮೇಲೆ ಬಂದು ನಿಲ್ಲೋದು ಒಬ್ಬನೇ ವ್ಯಾಪಾರಿ. ಎರಡನೆಯವನು ಫೋನಿನಲ್ಲೂ ಸಿಗಲ್ಲ.

ಎರಡನೆಯವನು ಬಂದಾಗ ಏನಾಗುತ್ತೆ ಅನ್ನೋದನ್ನೂ ನಾವು ನೋಡಿದ್ದೀವಿ. ಬ್ರೆಜಿಲ್, ಜಿಂಬಾಬ್ವೆ ಕಡೆ ಬೆಳೆ ಕಮ್ಮಿಯಾದ ವರ್ಷ ರಫ್ತು ವ್ಯಾಪಾರಿಗಳಿಗೆ ನಮ್ಮ ಸೊಪ್ಪು ಬೇಕೇ ಬೇಕು. ಆಗ ಬಾಯಿ ಬಿಡ್ತಾರೆ. 2023-24ರಲ್ಲಿ ಕರ್ನಾಟಕದ ಸೊಪ್ಪಿನ ಸರಾಸರಿ ಕೆಜಿಗೆ 250 ರೂಪಾಯಿ ದಾಟಿತು, ಅಲ್ಲಿವರೆಗೆ ಕಂಡಿರದ ಬೆಲೆ. ಸೊಪ್ಪು ಅದೇ ಮಣ್ಣಿನದ್ದು, ಬೇಯಿಸಿದ ಕೈ ಅದೇ.

ಆದರೆ ನಮ್ಮ ಅದೃಷ್ಟ ಬ್ರೆಜಿಲ್ಲಿನ ಮಳೆ ನಂಬ್ಕೊಂಡಿರಬೇಕಾ? 2010ರ ದಶಕದಿಂದ ನಮ್ಮ ಕಟ್ಟೆಗಳಲ್ಲಿ ಹರಾಜು ಎಲೆಕ್ಟ್ರಾನಿಕ್ ಆಗಿದೆ. ಬಯ್ಯರ್‌ಗಳು ಕೂಗೋದಿಲ್ಲ, ಕೈಯಲ್ಲಿರೋ ಪುಟ್ಟ ಯಂತ್ರದ ಗುಂಡಿ ಒತ್ತುತ್ತಾರೆ. ಇದರ ಅರ್ಥ ಏನು ಗೊತ್ತಾ? ಯಾರು, ಯಾವ ಬೇಲಿಗೆ, ಎಷ್ಟಕ್ಕೆ ಒತ್ತಿದರು ಅನ್ನೋದು ಕಂಪ್ಯೂಟರಿನ ಮೂಲಕವೇ ಹಾದು ಹೋಗುತ್ತೆ. 1941ರ ಲೆಕ್ಸಿಂಗ್ಟನ್ ಜ್ಯೂರಿಗೆ ಇಂಥದ್ದೊಂದು ಸಿಕ್ಕಿದ್ದರೆ ಕಣ್ಣಿಗೆ ಒತ್ಕೊಳ್ತಿದ್ದರು. ಬೇರೆ ಬೇರೆ ದೇಶಗಳ ಸ್ಪರ್ಧಾ ಆಯೋಗಗಳು ಟೆಂಡರ್ ಲೆಕ್ಕಗಳನ್ನ ಹೀಗೇ ಜಾಲಾಡ್ತಾವೆ. ಇಬ್ಬರು ಯಾವತ್ತೂ ಒಂದೇ ಬೇಲಿಗೆ ಎದುರಾಗದೆ ಇರೋದು, ಒಬ್ಬ ಒತ್ತಿದ ಕೂಡಲೇ ಇನ್ನೊಬ್ಬ ಯಾವಾಗಲೂ ಹಿಂದೆ ಸರಿಯೋದು, ಸರದಿ ಪ್ರಕಾರ ಗೆಲ್ಲೋದು... ಇವೆಲ್ಲ ಸಂಖ್ಯೆಗಳಲ್ಲಿ ಹೆಜ್ಜೆ ಗುರುತು ಬಿಡ್ತಾವೆ. ನಮ್ಮಲ್ಲೇ ಈರುಳ್ಳಿ ಬೆಲೆ 2010ರ ಕೊನೆಯಲ್ಲಿ ಆಕಾಶಕ್ಕೆ ಹೋದಾಗ ಸ್ಪರ್ಧಾ ಆಯೋಗ ಬೆಂಗಳೂರಿನ ನಾಗರಬಾವಿಯ ಐಸೆಕ್ ಸಂಸ್ಥೆಯಿಂದ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ಮಾಡಿಸಿತ್ತು. ಕೆಲವೇ ದೊಡ್ಡ ವ್ಯಾಪಾರಿಗಳ ಹಿಡಿತ, ಹೊಸಬರಿಗೆ ಒಳಗೆ ಬರೋಕೆ ಇರೋ ಅಡ್ಡಿ, ಇದೆಲ್ಲ ಆ ವರದಿಯಲ್ಲಿ ಬಂತು. ಹೊಗೆಸೊಪ್ಪಿಗೂ ಅಂಥದ್ದೊಂದು ಮಾಡಿಸೋದು ಅಸಾಧ್ಯವೇನಲ್ಲ. ಕೂಟ ಇಲ್ಲ ಅಂತ ಬಂದರೆ ಬಯ್ಯರ್‌ಗಳಿಗೂ ಒಳ್ಳೇದೇ, ಪ್ರತಿ ಸಲ ಬೆಲೆ ಬಿದ್ದಾಗ ಬೈಗುಳ ತಿನ್ನೋದು ತಪ್ಪುತ್ತೆ.

ದಿನ ದಿನ ಯಾವ ಮಾರುಕಟ್ಟೆಯಲ್ಲಿ ಎಷ್ಟು ಬೇಲ್ ಮಾರಿತು, ಗರಿಷ್ಠ ಎಷ್ಟು, ಕನಿಷ್ಠ ಎಷ್ಟು, ಸರಾಸರಿ ಎಷ್ಟು ಅಂತ ಮಂಡಳಿ ಹೇಳುತ್ತೆ. ಚಿಕ್ಕಪ್ಪನ ಮಗ ಈಗ ಅದನ್ನ ಮೊಬೈಲಿನಲ್ಲಿ ನೋಡ್ತಾನೆ. ಅದರ ಜೊತೆಗೆ ಇನ್ನೊಂದು ಕಾಲಂ ಇದ್ದರೆ ಸಾಕು - ಒಂದೊಂದು ಬೇಲಿಗೂ ಎರಡನೇ ಬಿಡ್ ಎಷ್ಟಕ್ಕೆ ನಿಂತಿತು, ಒಟ್ಟು ಎಷ್ಟು ಜನ ಗುಂಡಿ ಒತ್ತಿದರು ಅಂತ. ಹೆಸರು ಕೂಡ ಬೇಡ. ಈ ವರ್ಷದ ಹರಾಜು ಶುರುವಾಗೋ ಮುಂಚೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇದನ್ನೇ ಕೇಳೋಣ ಅಂತ ಅವನೂ ನಾನೂ ಕೂತು ಬರೀತಾ ಇದ್ದೀವಿ. ಅರ್ಧ ಪುಟ ಆಗಿದೆ.